ರಸೀದಿ ಪುಸ್ತಕದ ಅಣ್ಣ

ಮಂಡ್ಯದಲ್ಲಿ ಹಬ್ಬ ಹತ್ತಿರ ಬಂತೆಂದು ತಿಳಿಯಲು ಪಂಚಾಂಗ ಬೇಕಿಲ್ಲ. ಗೇಟಿನ ಚಿಲಕ ಸದ್ದಾಗಿ, ಕಂಕುಳಲ್ಲಿ ರಸೀದಿ ಪುಸ್ತಕ ಅವುಚಿಕೊಂಡವರೊಬ್ಬರು "ಸಾ, ಇದೀರಾ?" ಎಂದರೆ ಸಾಕು. ಗಣೇಶ, ದಸರಾ, ನವೆಂಬರ್ 1ಕ್ಕೆ ಶುರುವಾಗಿ ಜನವರಿಯಾದರೂ ಮುಗಿಯದ ರಾಜ್ಯೋತ್ಸವ, ಕೊನೆಗೆ ಸಂಕ್ರಾಂತಿ. ವಸೂಲಿ ಮಾತ್ರ ಹಾಸ್ಟೆಲ್ಲಿನ ಮಕ್ಕಳಿಗೆ. "ತಂದೆತಾಯಿ ಇಲ್ದ ಮಕ್ಳು ಸಾ" ಎಂದ ಮೇಲೆ, ಗಣಪತಿ ಹುಡುಗರಿಗೆ ಹೇಳುವ 'ನಾಳೆ ಬನ್ರೋ' ನಾಲಿಗೆಗೆ ಬರುವುದಿಲ್ಲ.

ಕೇಳಲಿ, ಬೇಡ ಅನ್ನುವವರಾರು? ಈ ಮಹಾನುಭಾವರು ಕೇಳುವ ಮೊದಲೇ ಬರೆಯುತ್ತಾರೆ. ನನ್ನಾಕೆ ಕಾಫಿ ತರುವಷ್ಟರಲ್ಲಿ ಕಾರ್ಬನ್ ಹಾಳೆಯ ಮೇಲೆ ನನ್ನ ಹೆಸರು, ಮುಂದೆ 1,001. "ಐನೂರು ಮಾಡ್ಕಳಿ" ಎಂದರೆ, "ಬರ್ದ್‌ಬುಟ್ನಲ್ಲಾ ಸಾ, ಹೊಡ್ದಾಕುದ್ರೆ ಆಡಿಟ್‌ನೋರು ಬಯ್ತಾರೆ. 80ಜಿ ಐತೆ, ತೆರಿಗೇಲಿ ಕಳೀತದೆ." ನಾನೂ ಬಿಡಲಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ ಆ ರಿಯಾಯಿತಿಯೇ ಇಲ್ಲ, ಹಳೆಯದರಲ್ಲೂ 2,000 ರೂಪಾಯಿ ಮೀರಿದ ನಗದಿಗೆ ಸಿಗುವುದಿಲ್ಲ ಎಂದು ಪಾಠ ಒಪ್ಪಿಸಿದೆ. ಭಕ್ತಿಯಿಂದ ಕೇಳಿ ತಲೆದೂಗಿದರು. "ಹಂಗಾರೆ ಎರಡ್ಸಾವ್ರದ ಒಳ್ಗೇ ಇರ್ಲಿ ಬುಡಿ. ಇದು ನಿಮ್ದು. ಇನ್ನೊಂದು ಅಕ್ಕಾರ ಹೆಸ್ರಲ್ಲಿ ಬರೀಲಾ?"

ಮದ್ದೂರಿನ ಹೋಟೆಲಿನವರು ಚಿಲ್ಲರೆ ಇಲ್ಲವೆಂದರೆ ವಡೆ ಕಟ್ಟಿಸಿಕೊಳ್ಳುತ್ತಾರೆ. ಮಳವಳ್ಳಿ ಕಡೆಯ ರೈತ "ಕಬ್ಬಿನ ಬಿಲ್ಲೇ ಬಂದಿಲ್ಲ ಕಣಪ್ಪ" ಅನ್ನುತ್ತಾನೆ. ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ, ಹೇಳಿಕೊಂಡಿರಲಿ. ಅಣ್ಣ ಅದರ ತಂಟೆಗೆ ಹೋಗುವುದಿಲ್ಲ. "ದುಡ್ಡು ಬ್ಯಾಡ ಬುಡು ಗೌಡ, ಒಂದು ಹೊರೆ ಕಬ್ಬೇ ಹಾಕು." ಆಲೆಮನೆಯಲ್ಲಿ ಬೆಲ್ಲಕ್ಕೂ ರಸೀದಿ ಹರಿಯುತ್ತಾರೆ.

ಸಂಕ್ರಾಂತಿ ಕಾರ್ಯಕ್ರಮಕ್ಕೆ ಹೋದೆ. ಶಾಮಿಯಾನ, ಸ್ಪೀಕರು, ಸಾಲು ಸಾಲು ಹಾರ, ಪೇಟ. ಎಣ್ಣೆ ಹಚ್ಚಿ ತಲೆ ಬಾಚಿಸಿಕೊಂಡ ಮಕ್ಕಳು ಮುಂದಿನ ಸಾಲಿನಲ್ಲಿ. ಕೈಯಲ್ಲಿ ಎಳ್ಳುಬೆಲ್ಲದ ಪೊಟ್ಟಣ. ಮುಖ್ಯ ಅತಿಥಿಗಳ ಭಾಷಣ ಮುಗಿಯುವ ತನಕ ಬಿಚ್ಚುವಂತಿಲ್ಲ. ಒಬ್ಬಳು ಪೊಟ್ಟಣದ ಮೂಲೆ ಹರಿದು, ಬೆರಳು ತೂರಿಸಿ, ಎಳ್ಳನ್ನು ಬಿಟ್ಟು ಕೊಬ್ಬರಿ ಚೂರನ್ನಷ್ಟೇ ಹೆಕ್ಕುತ್ತಿದ್ದಳು. ಅಷ್ಟರಲ್ಲಿ ಮೈಕಿನಲ್ಲಿ ದಾನಿಗಳ ಪಟ್ಟಿ ಬಂತು. ಅಣ್ಣ ನನ್ನ 1,001ನ್ನು 10,001 ಎಂದು ಓದಿದರು. ಚಪ್ಪಾಳೆ. ತಿದ್ದೋಣವೆಂದು ಎದ್ದವನು, ಎದ್ದಿದ್ದಕ್ಕೆ ಕೈಮುಗಿದು ಕೂತೆ.

ಮುಗಿದ ಮೇಲೆ ಕೆಣಕಿದೆ: "ಈ ಶಾಮಿಯಾನದ ದುಡ್ಡಲ್ಲಿ ಮಕ್ಕಳಿಗೇ ಏನಾದರೂ ತರಬಹುದಿತ್ತಲ್ಲ?" ರಸೀದಿ ಪುಸ್ತಕದ ಹಿಂದಿನ ರಟ್ಟು ತಿರುಗಿಸಿ ತೋರಿಸಿದರು. ಪೆನ್ಸಿಲ್ಲಿನಲ್ಲಿ ಮಕ್ಕಳ ಹೆಸರು, ಪಕ್ಕದಲ್ಲಿ ಚಪ್ಪಲಿ ಅಳತೆ. ಬೆಳೆದ ಕಾಲುಗಳ ಅಳತೆ ಹೊಡೆದು ಹಾಕಿ ಮತ್ತೆ ಬರೆದಿದ್ದರು. ಅಲ್ಲಿ ಆಡಿಟ್ ಭಯ ಇದ್ದಂತಿರಲಿಲ್ಲ. "ಸ್ಕೂಲ್ಗೆ ಸರ್ಕಾರದ ಶೂ ಕೊಡ್ತಾರೆ ಸಾ. ಬಚ್ಚಲಿಗೆ ಹೋಗಕ್ಕೆ ಚಪ್ಲಿ ಯಾರ್ ಕೊಡ್ತಾರೆ? ಶಾಮಿಯಾನ ಹಾಕ್ದೆ ಹೋಗಿದ್ರೆ ನೀವಾದ್ರೂ ಬರ್ತಿದ್ರಾ?"

ನಾನು ಗಂಟಲು ಸರಿಮಾಡಿಕೊಂಡೆ. ಅವರು ಪೆನ್ನಿನ ಮುಚ್ಚಳ ತೆಗೆದರು.

"ಮೈಕಲ್ಲಿ ಹತ್ಸಾವ್ರದೊಂದು ಅಂದಾಗ ನೀವೂ ಕೈಮುಗುದ್ರಲ್ಲಾ ಸಾ. ಮಿಕ್ಕಿದ್ ಒಂಬತ್ತು ಸಾವ್ರ ಶಿವರಾತ್ರಿಗೆ ಇಸ್ಕೊಳ್ಳಾ, ಯುಗಾದಿಗಾ?"