ಲೀಟರು ಮಹಾಶಯ

ಕೈಯಲ್ಲಿ ನಾಲ್ಕು ಕಾಸು ಕೂಡಿದಂತೆಲ್ಲ ಮನೆಯ ಸಾಮಾನುಗಳು ಹಿಗ್ಗಬೇಕೆಂಬುದು ಸಾಮಾನ್ಯ ಸಂಸಾರಿಗಳ ಧರ್ಮ. ಟೀವಿ ಅಗಲವಾಗುತ್ತದೆ, ಫ್ರಿಜ್ಜು ಎತ್ತರವಾಗುತ್ತದೆ, ಕಾರು ಬೀದಿಯ ಅರ್ಧವನ್ನು ಆಕ್ರಮಿಸುತ್ತದೆ. ಈ ಸನಾತನ ನಿಯಮಕ್ಕೆ ವಿರುದ್ಧವಾಗಿ, ಹೆಚ್ಚು ಹಣವನ್ನು ತೆತ್ತು ಕಡಮೆ ವಸ್ತುವನ್ನು ಮನೆಗೆ ತರುವುದರಲ್ಲಿಯೇ ಜನ್ಮಸಾರ್ಥಕ್ಯವನ್ನು ಕಾಣತಕ್ಕ ಒಂದು ಪಂಗಡವು ಈಚೆಗೆ ಬೆಂಗಳೂರಿನಲ್ಲಿ ತಲೆಯೆತ್ತಿದೆ. ಇವರು ತಮ್ಮ ಕಂಪ್ಯೂಟರನ್ನು ತಾವೇ ಜೋಡಿಸಿಕೊಳ್ಳತಕ್ಕವರು. ಆದರೆ ಹಾಗೆ ಜೋಡಿಸಿಕೊಳ್ಳುವವರೆಲ್ಲರೂ ಈ ಪಂಗಡಕ್ಕೆ ಸೇರರು. ಪ್ರೊಸೆಸರಿನ ವೇಗ, ಗ್ರಾಫಿಕ್ಸ್ ಕಾರ್ಡಿನ ಸಾಮರ್ಥ್ಯ ಮೊದಲಾದುವು ಇವರ ದೃಷ್ಟಿಯಲ್ಲಿ ಗೌಣ. ಅವೆಲ್ಲವನ್ನೂ ತುರುಕತಕ್ಕ ಕ್ಯಾಬಿನೆಟ್ಟು ಎಷ್ಟು ಲೀಟರಿನದೆಂಬುದೊಂದೇ ಪರಮಾರ್ಥ. ಹಾಲು ಪೆಟ್ರೋಲುಗಳನ್ನು ಬಿಟ್ಟರೆ ಲೀಟರಿಗೆ ಬೇರೊಂದು ಪ್ರಯೋಜನವನ್ನರಿಯದೆ, ಜೀವಮಾನವೆಲ್ಲ ತರ್ಕಶಾಸ್ತ್ರವನ್ನು ಬೋಧಿಸಿ ನಿವೃತ್ತನಾಗಿದ್ದ ನನಗೆ ಈ ತತ್ತ್ವವನ್ನು ಉಪದೇಶಿಸಿದಾತನು ನನ್ನ ಹೆಂಡತಿಯ ಕಿರಿಯ ತಮ್ಮ.

ಆತನು ಸ್ವಭಾವತಃ ಸಾಧು. ಸಾಲ ಮಾಡನು, ಸುಳ್ಳಾಡನು, ಹಬ್ಬದ ದಿನ ನಮ್ಮ ಮನೆಗೆ ಬಂದರೆ ಊಟವಾದ ಮೇಲೆ ಪಾತ್ರೆ ತೊಳೆಯಲಿಕ್ಕೂ ಹಿಂಜರಿಯನು. ಆದರೆ ಆತನನ್ನು ಸ್ನೇಹಿತರ ಮನೆಗೆ ಕರೆದುಕೊಂಡು ಹೋಗುವಂತಿಲ್ಲ. ಉಪ್ಪಿಟ್ಟು ಬರುವುದಕ್ಕೆ ಮುಂಚೆಯೇ ಮೇಜಿನ ಕೆಳಗೆ ಬಗ್ಗಿ, ಅವರ ಕಂಪ್ಯೂಟರಿನ ಡಬ್ಬವನ್ನು ಬೆರಳಿನಿಂದ ತಟ್ಟಿ, “ನಲವತ್ತು ಲೀಟರಿಗೆ ಕಡಮೆ ಇಲ್ಲ, ಒಳಗೆಲ್ಲ ಬರೀ ಗಾಳಿ” ಎಂದು ಮರುಕದಿಂದ ನುಡಿಯುತ್ತಾನೆ. ಮನೆಯವರು ತಮಗೆ ಯಾವುದೋ ರೋಗ ಪತ್ತೆಯಾಯಿತೆಂಬ ಭಾವದಿಂದ ನನ್ನ ಮುಖವನ್ನು ನೋಡುತ್ತಾರೆ. ಬೀಗದ ಕೈ ಗೊಂಚಲಿನಲ್ಲಿ ಆತನು ಒಂದು ಪುಟ್ಟ ಅಳತೆಯ ಟೇಪನ್ನು ಕಟ್ಟಿಕೊಂಡಿರುವುದು ಅವರಿಗೆ ಕಾಣದಿರಲೆಂದು ನಾನು ಆಗ ಉಪ್ಪಿಟ್ಟನ್ನು ಹೊಗಳಲು ಪ್ರಾರಂಭಿಸುತ್ತೇನೆ.

ಮಿಲಿಮೀಟರುಗಳ ಇತಿಹಾಸವನ್ನು ಈತನ ಬಾಯಿಂದಲೇ ಕೇಳಬೇಕು. 1995ರಲ್ಲಿ ಇಂಟೆಲ್ ಸಂಸ್ಥೆಯವರು ಎಟಿಎಕ್ಸ್ ಎಂಬ ಮದರ್‌ಬೋರ್ಡಿನ ಪ್ರಮಾಣವನ್ನು 305ಕ್ಕೆ 244 ಮಿಲಿಮೀಟರ್ ಎಂದು ಗೊತ್ತುಮಾಡಿ, ಲೋಕದ ಮೇಜುಗಳ ಅಡಿಯನ್ನೆಲ್ಲ ಗೋಪುರಾಕಾರದ ಡಬ್ಬಗಳಿಂದ ತುಂಬಿಸಿದ್ದು ಅಧರ್ಮದ ಯುಗ. 2001ರಲ್ಲಿ ತೈವಾನಿನ ವಿಯಾ ಸಂಸ್ಥೆಯವರು 170 ಮಿಲಿಮೀಟರ್ ಚಚ್ಚೌಕದ ಮಿನಿ-ಐಟಿಎಕ್ಸ್ ಬೋರ್ಡನ್ನು ಹೊರತಂದದ್ದು ಧರ್ಮೋದ್ಧಾರ. 125 ಮಿಲಿಮೀಟರ್ ಅಗಲದ, 63.5 ಮಿಲಿಮೀಟರ್ ಎತ್ತರದ ಎಸ್‌ಎಫ್‌ಎಕ್ಸ್ ಎಂಬ, ವಿದ್ಯುತ್ತನ್ನು ಒದಗಿಸತಕ್ಕ ಪುಟ್ಟ ಎಸ್‌ಎಂಪಿಎಸ್ ಬಳಕೆಗೆ ಬಂದದ್ದು ಸಾಕ್ಷಾತ್ ಅನುಗ್ರಹ. ಕೂಲರ್ ಮಾಸ್ಟರಿನವರ ಎನ್‌ಆರ್200 ಎಂಬ 18.25 ಲೀಟರಿನ ಪೆಟ್ಟಿಗೆಯನ್ನು ನಾನು ಮೊಬೈಲಿನಲ್ಲಿ ನೋಡಿ, ಮುದ್ದಾಗಿದೆಯಲ್ಲಾ ಎಂದರೆ, “ಅದು ಛತ್ರ ಭಾವ, ಛತ್ರ. ಮದುವೆ ಮಾಡಬಹುದು ಅದರೊಳಗೆ” ಎಂದು ಮುಖವನ್ನು ತಿರುಗಿಸಿದನು. ಡ್ಯಾನ್ ಎ4 ಎಂಬುದೊಂದಿದೆ, 7.2 ಲೀಟರ್, ಅದರ ಚಿತ್ರವನ್ನು ತೋರಿಸುವಾಗ ಆತನ ಧ್ವನಿಯೇ ಬೇರೆ. ಇನ್ನು ಲೀಟರನ್ನು ಎಣಿಸುವಾಗ ಪೆಟ್ಟಿಗೆಯ ನಾಲ್ಕು ಪಾದಗಳನ್ನು ಸೇರಿಸಬೇಕೋ ಬಿಡಬೇಕೋ ಎಂಬ ವಿಷಯದಲ್ಲಿ ಇವರಲ್ಲಿಯೇ ಎರಡು ಮತಗಳುಂಟು. ಆ ವಾದಕ್ಕೆ ನಾನು ಕೈಹಾಕುವುದಿಲ್ಲ, ತರ್ಕಶಾಸ್ತ್ರದಲ್ಲಿ ಅದಕ್ಕೆ ಪರಿಹಾರವಿಲ್ಲ.

ಕ್ಯಾಬಿನೆಟ್ಟನ್ನು ಕೊಳ್ಳುವುದಕ್ಕೆ ಮುಂಚೆ ಅದರೊಡನೆ ಸಹವಾಸ ಮಾಡಿ ನೋಡಬೇಕೆಂಬುದು ಈತನ ಸಿದ್ಧಾಂತ. ಅದಕ್ಕೋಸ್ಕರ ಮಿಠಾಯಿ ಡಬ್ಬಗಳ ರಟ್ಟನ್ನು ಕತ್ತರಿಸಿ, ಗಮ್‌ಟೇಪು ಸುತ್ತಿ, ಒಂದೊಂದು ಅಭ್ಯರ್ಥಿಯ ಅಳತೆಗೂ ಒಂದೊಂದು ಪ್ರತಿಕೃತಿಯನ್ನು ಮಾಡಿ, ಮೇಜಿನ ಮೇಲೆ ತಿಂಗಳುಗಟ್ಟಲೆ ಇಟ್ಟುಕೊಂಡು ಬದುಕಿದನು. ನನ್ನ ಅತ್ತೆಯವರು ಆ ರಟ್ಟಿನ ಪೆಟ್ಟಿಗೆಗಳನ್ನು ಬಹಳ ಹೊತ್ತು ದಿಟ್ಟಿಸಿ, “ಹತ್ತು ಲೀಟರು ಅಂದರೆ ಹತ್ತು ಸೇರಿನ ಡಬ್ಬ ಅಲ್ಲವೇನೋ? ಅಟ್ಟದ ಮೇಲೆ ಮೂರು ಬಿದ್ದಿವೆ, ತೊಗೊಂಡು ಹೋಗು, ದುಡ್ಡು ಯಾಕೆ ದಂಡ” ಎಂದರು. ಆತನು ಕೋಪಗೊಳ್ಳಲಿಲ್ಲ. ಸ್ಟೂಲು ಹತ್ತಿ ಒಂದು ಡಬ್ಬವನ್ನು ಇಳಿಸಿ ಅಳೆದನು.

ಟೌನ್‌ಹಾಲ್ ಸಮೀಪದ ಎಸ್.ಪಿ. ರಸ್ತೆಗೆ ಆತನೊಡನೆ ಹೋಗುವುದು ಒಂದು ಶಿಕ್ಷೆ. ಅಲ್ಲಿಯ ವ್ಯಾಪಾರಿಗಳಿಗೆ ಕ್ಯಾಬಿನೆಟ್ಟೆಂದರೆ ಗಾಜಿನ ಬದಿಯುಳ್ಳ, ಬಣ್ಣಬಣ್ಣದ ದೀಪ ಮಿನುಗುವ ಮಹಾಕಾಯ. ಅದನ್ನು ಮೂರು ನಾಲ್ಕು ಸಾವಿರಕ್ಕೆ, ಫ್ಯಾನುಗಳ ಸಮೇತ, ಸಂತೋಷದಿಂದ ಕೊಡುತ್ತಾರೆ. ಅದರ ಕಾಲುಭಾಗ ತಗಡುಳ್ಳದ್ದಕ್ಕೆ ಅದರ ಐದಾರು ಪಾಲು ಬೆಲೆಯನ್ನು ಕೊಡಲು ಬಂದವನನ್ನು ಕಂಡು ಒಬ್ಬ ಮಾಲೀಕನು, “ಸಾರ್, ಚಿಕ್ಕದ್ಯಾಕೆ? ದೊಡ್ಡದು ತಗೊಳ್ಳಿ, ಮೂರು ಫ್ಯಾನ್ ಫ್ರೀ” ಎಂದು ಸದುದ್ದೇಶದಿಂದಲೇ ಹೇಳಿದನು. ಭಾವಮೈದನು ಉತ್ತರ ಕೊಡದೆ, ತನ್ನ ರಟ್ಟಿನ ಪೆಟ್ಟಿಗೆಯನ್ನು ಕೌಂಟರಿನ ಮೇಲಿಟ್ಟು, “ಇದರೊಳಗೆ ಕೂರೋ ಕಾರ್ಡ್ ತೋರಿಸಿ” ಎಂದನು. ಅಂಗಡಿಯ ಹುಡುಗರೆಲ್ಲ ಒಟ್ಟುಗೂಡಿದರು. ನಾನು ಎದುರಿನ ಅಂಗಡಿಯಲ್ಲಿ ತೂಗುಹಾಕಿದ್ದ ಚಾರ್ಜರುಗಳನ್ನು ಅತ್ಯಂತ ಆಸಕ್ತಿಯಿಂದ ಪರೀಕ್ಷಿಸುತ್ತ ನಿಂತೆನು.

ಅಂತೂ ಹತ್ತು ಲೀಟರಿಗೆ ತುಸು ಮೇಲ್ಪಟ್ಟ ಒಂದು ಪೆಟ್ಟಿಗೆ ಮನೆಗೆ ಬಂದಿತು. ಬೋರ್ಡು ಒಂದು ಕಡೆ, ಕಾರ್ಡು ಇನ್ನೊಂದು ಕಡೆ, ನಡುವೆ ಆಚೀಚೆ ಜರುಗಿಸಬಹುದಾದ ಒಂದು ಗೋಡೆ. ಎರಡನ್ನೂ ಕೂಡಿಸಲು ರೈಸರ್ ಕೇಬಲ್ ಎಂಬ ಚಪ್ಪಟೆ ಪಟ್ಟಿ. ಜೋಡಣೆಯ ಸಂಜೆ ನನಗೆ ಬುಲಾವು ಬಂದಿತು, ಏಕೆಂದರೆ ಹತ್ತು ಲೀಟರಿನೊಳಗೆ ಎರಡು ಕೈಗಳು ಹೋದ ಮೇಲೆ ಬೆಳಕು ಹೋಗಲು ಸ್ಥಳವಿರುವುದಿಲ್ಲ, ಮೂರನೆಯ ಕೈಯೊಂದು ಕೋನ ನೋಡಿ ಟಾರ್ಚು ಹಿಡಿಯಬೇಕಾಗುತ್ತದೆ. “ಎಡಕ್ಕೆ ಭಾವ... ಅಷ್ಟಲ್ಲ... ನೆರಳು ಬೀಳ್ತಿದೆ... ಉಸಿರು ಬಿಡಬೇಡಿ, ಸ್ಕ್ರೂ ಇದೆ.” ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬನಾದರೂ ನನ್ನನ್ನು ಅಷ್ಟು ನಿಷ್ಠುರವಾಗಿ ತಿದ್ದಿದವನಿಲ್ಲ. ಎಳ್ಳಿನಷ್ಟಿದ್ದ ಆ ಸ್ಕ್ರೂ ಅಯಸ್ಕಾಂತದ ತುದಿಯಿಂದ ಜಾರಿ, ಎಸ್‌ಎಂಪಿಎಸ್‌ನ ಹಿಂದೆಲ್ಲೋ ಟಿಣ್ಣೆಂದು ಸದ್ದುಮಾಡಿ ಅದೃಶ್ಯವಾಯಿತು. ಇಬ್ಬರೂ ಪೆಟ್ಟಿಗೆಯನ್ನೆತ್ತಿ, ಕೂಸನ್ನು ಆಡಿಸುವವರ ಹಾಗೆ ಮೆಲ್ಲಗೆ ಅತ್ತಿತ್ತ ಹೊರಳಿಸಿದೆವು. ಸದ್ದು ಕೇಳಿಸುತ್ತಿತ್ತು, ಸ್ಕ್ರೂ ಬರಲಿಲ್ಲ.

ಆ ಮೇಲೆ ಗೋಡೆಯ ವ್ಯಾಜ್ಯ ಪ್ರಾರಂಭವಾಯಿತು. ಗೋಡೆಯನ್ನು ಕಾರ್ಡಿನ ಕಡೆಗೆ ಜರುಗಿಸಿದರೆ ಪ್ರೊಸೆಸರಿನ ಮೇಲೆ ಎತ್ತರವಾದ ಕೂಲರನ್ನು ಕೂರಿಸಬಹುದು, ಆದರೆ ಕಾರ್ಡಿನ ಫ್ಯಾನುಗಳಿಗೆ ಉಸಿರಾಡಲು ಎಡೆಯಿಲ್ಲ. ಇತ್ತ ಜರುಗಿಸಿದರೆ ನಾಕ್ಟುವಾದವರ 37 ಮಿಲಿಮೀಟರಿನ ಕುಳ್ಳ ಕೂಲರಿನಲ್ಲಿಯೇ ತೃಪ್ತಿಪಡಬೇಕು. ಪೆಟ್ಟಿಗೆ ಚಿಕ್ಕದಾಯಿತೆಂದು ಕಾರ್ಡು ತಾನುಣ್ಣುವ ಇನ್ನೂರು ವಾಟಿನಲ್ಲಿ ಒಂದನ್ನೂ ಬಿಟ್ಟುಕೊಡುವುದಿಲ್ಲ. ಅಷ್ಟೂ ಶಾಖ ಆ ಇಕ್ಕಟ್ಟಿನಿಂದಲೇ ಹೊರಬೀಳಬೇಕು. ಒಂದು ಮಿಲಿಮೀಟರು ಅತ್ತ, ಅರ್ಧ ಮಿಲಿಮೀಟರು ಇತ್ತ ಎಂದು ಆತನು ಪೇಚಾಡುತ್ತಿರಲು, ಟಾರ್ಚು ಹಿಡಿದು ಮರಗಟ್ಟಿದ ತೋಳಿನ ಸಿಟ್ಟಿನಲ್ಲಿ ನಾನು, “ನಿಮ್ಮ ಊರ ಮನೆಯ ಭಾಗ ಪಂಚಾಯಿತಿಯ ಹಾಗಾಯಿತಲ್ಲಪ್ಪಾ ಇದು” ಎಂದುಬಿಟ್ಟೆನು.

ಹಾಸನದ ಕಡೆಯ ಆ ಮನೆಯನ್ನು ನಾನು ಅಳಿಯನಾಗಿ ಹೋದ ಹೊಸತರಲ್ಲಿ ನೋಡಿದ್ದೆ. ಹಜಾರದಲ್ಲಿ ಒಂದು ಪಂಕ್ತಿಗೆ ನಲವತ್ತು ಎಲೆ ಹಾಕುತ್ತಿದ್ದರು. ಮಾವನವರು ಹೋದ ಮೇಲೆ ಚಿಕ್ಕಪ್ಪ ದೊಡ್ಡಪ್ಪಂದಿರ ಮಕ್ಕಳು ಅದರ ನಡುಮಧ್ಯಕ್ಕೆ ಒಂದು ಇಟ್ಟಿಗೆಯ ಗೋಡೆಯನ್ನೆಬ್ಬಿಸಿದರು. ದೇವರ ಗೂಡು ಅತ್ತ ಉಳಿಯಿತು, ಬಾವಿ ಇತ್ತ ಬಂದಿತು, ಈತನ ಓದುವ ಮೂಲೆಗೆ ಬೆಳಕು ಕೊಡುತ್ತಿದ್ದ ಕಿಟಕಿ ಯಾರ ಪಾಲಿಗೂ ಬಾರದೆ ಮುಚ್ಚಿಹೋಯಿತು. ಆಗ ಆತನು ಪಿಯುಸಿಯಲ್ಲಿದ್ದನು. ಬಳಿಕ ಬೆಂಗಳೂರಿನ ಹಾಸ್ಟೆಲು, ಪಿಜಿ, ಬಾಡಿಗೆಯ ಮನೆ, ಈಗ ಎರಡು ಕೋಣೆಯ ಈ ಫ್ಲ್ಯಾಟು. ಅದರಲ್ಲಿ ಒಂದು ಕೋಣೆ ತಾಯಿಯದು, ಇನ್ನೊಂದು ಹೆಂಡತಿ ಮಕ್ಕಳದು, ಹಜಾರದ ಮೂಲೆಯ ಮೇಜೊಂದೇ ಆತನದು. ಆ ಮೇಜಿನ ಮೇಲೆ ಕೂದಲೆಳೆಯಷ್ಟು ಸ್ಥಳವೂ ವ್ಯರ್ಥವಾಗಕೂಡದೆಂದು ಹಟ ಹಿಡಿದರೆ ಅದನ್ನು ಹುಚ್ಚೆನ್ನುವ ಅಧಿಕಾರ, ಮೂವತ್ತಕ್ಕೆ ನಲವತ್ತರ ಸ್ವಂತ ಸೈಟಿನಲ್ಲಿ ಮನೆ ಕಟ್ಟಿಕೊಂಡು, ಓದದ ಪುಸ್ತಕಗಳಿಗೇ ಒಂದು ಕೋಣೆಯನ್ನು ಬಿಟ್ಟಿರುವ ನನಗಿಲ್ಲ. ಆತನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಗೋಡೆ ಜರುಗ್ತಿರಲಿಲ್ಲ ಭಾವ” ಎಂದು, ಕೂಲರಿನ ಕಡೆಗೆ ಇನ್ನರ್ಧ ಮಿಲಿಮೀಟರನ್ನು ಕೊಟ್ಟು ಸ್ಕ್ರೂ ಬಿಗಿದನು.

ಮುಚ್ಚಳ ಹಾಕಿ ಗುಂಡಿ ಒತ್ತಿದರೆ ಜೀವವಿಲ್ಲ. ಮುಂಭಾಗದ ಪವರ್ ಸ್ವಿಚ್ಚಿನ ತಂತಿಯನ್ನು ಬೋರ್ಡಿಗೆ ಸಿಕ್ಕಿಸುವುದು ಮರೆತಿತ್ತು. ಅದರ ಪಿನ್ನುಗಳು ಎಲ್ಲಕ್ಕಿಂತ ಕೆಳಗಿದ್ದುವು. ದೊಡ್ಡ ಡಬ್ಬದಲ್ಲಿ ಎರಡು ನಿಮಿಷದ ಕೆಲಸ. ಇಲ್ಲಿ ಕಾರ್ಡು, ಕೂಲರು, ಎಸ್‌ಎಂಪಿಎಸ್ ಎಲ್ಲವೂ ಬಂದ ದಾರಿಯಲ್ಲಿಯೇ ಹಿಂದಿರುಗಬೇಕಾಯಿತು, ಹಾಗೆ ಹಿಂದಿರುಗುವಾಗ ಆ ಸ್ಕ್ರೂ ತಾನಾಗಿಯೇ ನೆಲಕ್ಕೆ ಬಿದ್ದಿತು. ಆತನಿಗೆ ಆದ ಆನಂದವನ್ನು ನೋಡಿದರೆ, ತಂತಿಯನ್ನು ಮರೆತದ್ದೇ ಒಳ್ಳೆಯದಾಯಿತೇನೋ ಎಂಬಂತಿತ್ತು.

ಈಗ ಆ ಯಂತ್ರವು ನಿಶ್ಶಬ್ದವಾಗಿ ನಡೆಯುತ್ತಿದೆ. ಅದರ ಬಿಡಿಭಾಗಗಳು ಬಂದ ರಟ್ಟಿನ ಡಬ್ಬಗಳು, ವಾರಂಟಿ ಮುಗಿಯುವವರೆಗೆ ಎಸೆಯಕೂಡದಾದ್ದರಿಂದ, ನಮ್ಮ ಅತ್ತೆಯವರ ಮಂಚದ ಕೆಳಗನ್ನೆಲ್ಲ ತುಂಬಿವೆ. ಮೇಜಿನ ಮೇಲೆ ಉಳಿದ ಸ್ಥಳಕ್ಕೆಂದು ಆತನು 34 ಅಂಗುಲದ ಮಾನಿಟರನ್ನು ತಂದಿದ್ದಾನೆ. ಪೆಟ್ಟಿಗೆ ಅದರ ಹಿಂದೆ ಸಂಪೂರ್ಣವಾಗಿ ಮರೆಯಾಗಿದೆ. ಬಂದವರೆಲ್ಲ ಪರದೆಯನ್ನೇ ಹೊಗಳುತ್ತಾರೆ. ಆತನು ಸಹಿಸುವಷ್ಟು ಸಹಿಸಿ, ಕೊನೆಗೆ ಮಾನಿಟರನ್ನು ಪಕ್ಕಕ್ಕೆ ಸರಿಸಿ, ಹಿಂದಿನದನ್ನು ತೋರಿಸಿ, ಲೀಟರನ್ನು ಹೇಳಿ, ಕೇಳದಿದ್ದರೂ ಬೆಲೆಯನ್ನೂ ಹೇಳುತ್ತಾನೆ. “ಇಷ್ಟು ಚಿಕ್ಕದಕ್ಕೆ ಅಷ್ಟೊಂದೇ?” ಎಂದು ಅವರು ಹೌಹಾರುತ್ತಾರೆ. ಅದನ್ನೇ ಕೇಳಬೇಕೆಂದಿದ್ದವನು ಒಳಕ್ಕೆ ತಿರುಗಿ, “ಇವರಿಗೆ ಇನ್ನೊಂದು ಲೋಟ ಕಾಫಿ” ಎಂದು ಕೂಗಿ ಹೇಳುತ್ತಾನೆ.