ಈ ಸಲ ಯಾವ ಯುಗ ಸಾರ್?

ಆಗಸ್ಟ್ 12 ಹತ್ತಿರ ಬಂತೆಂದರೆ ನಮ್ಮ ಲೈಬ್ರರಿ ಸರ್ ಶಿವಾಜಿನಗರದ ಕಡೆ ಹೊರಟರು ಅಂತಲೇ ಲೆಕ್ಕ. ಅವತ್ತು ಎಸ್. ಆರ್. ರಂಗನಾಥನ್ ಹುಟ್ಟುಹಬ್ಬ, ದೇಶಕ್ಕೆಲ್ಲ ಗ್ರಂಥಪಾಲಕರ ದಿನ. ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಮದುವೆ ಕಾರ್ಡು, ಬಿಲ್ ಬುಕ್ಕು, ಬಾಡಿಗೆ ಕರಾರು ಮಾಡಿಕೊಡುವ ಡಿಟಿಪಿ ಅಂಗಡಿ ಒಂದಿದೆ. ಅಲ್ಲಿಗೆ ಹುಡುಗನಾಗಿ ಸೇರಿದವನ ತಲೆ ಈಗ ನರೆತಿದೆ. ಅವನ ಕಂಪ್ಯೂಟರಿನಲ್ಲಿ ‘ಲೈಬ್ರರಿ ಸಾರ್’ ಅಂತ ಒಂದು ಫೋಲ್ಡರು, ಫೋಲ್ಡರಿನೊಳಗೆ ಒಂದೇ ಫೈಲು. ಸರ್ ಚಪ್ಪಲಿ ಬಿಡುವಷ್ಟರಲ್ಲಿ ಫೈಲು ತೆರೆದಿರುತ್ತದೆ. ಆಮೇಲೆ ಅವನು ಕೇಳುವುದು ಒಂದೇ ಮಾತು: “ಈ ಸಲ ಯಾವ ಯುಗ ಸಾರ್?”

ಫೈಲಿನಲ್ಲಿರುವುದು ಸರ್ ಅವರ ಆಗಸ್ಟ್ ಲೇಖನ. ಮೊದಲು ಅದು ‘ಗಣಕ ಯುಗದಲ್ಲಿ ಗ್ರಂಥಾಲಯಗಳ ಪಾತ್ರ’ ಆಗಿತ್ತು. ಗಣಕ ಹೋಗಿ ಮಾಹಿತಿ ತಂತ್ರಜ್ಞಾನ ಬಂತು, ಅದು ಹಳತಾಗಿ ಅಂತರ್ಜಾಲ, ಅದರ ಬೆನ್ನಿಗೆ ಡಿಜಿಟಲ್, ನಡುವೆ ಒಂದೆರಡು ವರ್ಷ ಕೊರೊನೋತ್ತರ, ಈಗ ಕೃತಕ ಬುದ್ಧಿಮತ್ತೆ. ಪುರಾಣದವರು ನಾಲ್ಕೇ ಯುಗಕ್ಕೆ ಸುಸ್ತಾದರು, ನಮ್ಮ ಸರ್ ಆರನೆಯದರಲ್ಲಿದ್ದಾರೆ. ಎಲ್ಲ ಯುಗದಲ್ಲೂ ಗ್ರಂಥಾಲಯದ ಪಾತ್ರ ಮಾತ್ರ ‘ಅತ್ಯಂತ ಮಹತ್ವಪೂರ್ಣವಾದುದು’.

ಡಿಜಿಟಲ್ ಯುಗಕ್ಕೆ ಕಾಲಿಟ್ಟ ವರ್ಷ ಒಂದು ಎಡವಟ್ಟಾಯಿತು. “ಪುಸ್ತಕ ಅಂತ ಇರೋ ಕಡೆಯೆಲ್ಲ ಇ-ಪುಸ್ತಕ ಮಾಡಿಬಿಡಪ್ಪ” ಎಂದು ಹೇಳಿ ಸರ್ ಚಾ ಕುಡಿಯಲು ಹೋದರು. ಅವನು ಒಂದೇ ಏಟಿಗೆ ಮಾಡಿ ಮುಗಿಸಿದ. ಸ್ಮರಣ ಸಂಚಿಕೆ ಅಚ್ಚಾಗಿ ಬಂದಾಗ ನೋಡಿದರೆ, ಇ-ಪುಸ್ತಕಗಳ ಧೂಳನ್ನು ವಾರಕ್ಕೊಮ್ಮೆ ಕೊಡವಬೇಕು ಎಂದಿತ್ತು. ಇ-ಪುಸ್ತಕಕ್ಕೆ ಗೆದ್ದಲು ಹತ್ತದಂತೆ ಕಪಾಟಿನಲ್ಲಿ ನುಸಿಗುಳಿಗೆ ಇಡಬೇಕು ಎಂದಿತ್ತು. ಬೆನ್ನು ಕಿತ್ತುಹೋದ ಇ-ಪುಸ್ತಕಗಳನ್ನು ಬೇಸಿಗೆ ರಜೆಯಲ್ಲಿ ಬೈಂಡಿಂಗಿಗೆ ಕಳಿಸಬೇಕೆಂಬ ಸಲಹೆಯೂ ಇತ್ತು. ಯಾರೂ ತುಟಿ ಪಿಟಕ್ಕೆನ್ನಲಿಲ್ಲ, ಓದಿದ್ದರೆ ತಾನೆ? ಆದರೆ ಅದನ್ನು ಯಾರೂ ನೋಡಿಯೇ ಇರಲಿಲ್ಲ ಅನ್ನುವ ಹಾಗೂ ಇಲ್ಲ. ಸ್ವಲ್ಪ ಕಾಲದ ಮೇಲೆ ಬೇರೊಂದು ಕಾಲೇಜಿನ ಸಂಚಿಕೆಯಲ್ಲಿ, ಬೇರೆಯವರ ಹೆಸರಿನ ಕೆಳಗೆ, ಅದೇ ಇ-ಪುಸ್ತಕದ ಪಕ್ಕದಲ್ಲಿ ಅದೇ ನುಸಿಗುಳಿಗೆ ಕಾಣಿಸಿಕೊಂಡಿತು.

ಸರ್ ಇರುವುದು ಕೆ. ಆರ್. ಪುರದಲ್ಲಿ, ಕೆಲಸ ಇಂದಿರಾನಗರದ ಕಡೆಯ ಕಾಲೇಜೊಂದರಲ್ಲಿ. ಟಿನ್ ಫ್ಯಾಕ್ಟರಿಯಲ್ಲಿ ಬಸ್ಸಿಗೆ ಕಾದು ಕಾದು ಅರ್ಧ ಆಯಸ್ಸು ಸವೆಸಿದವರು, 2023ರಲ್ಲಿ ಮೆಟ್ರೊ ಅಲ್ಲಿಗೂ ಬಂದಮೇಲೆ ಸ್ವಲ್ಪ ಮೈತುಂಬಿಕೊಂಡಿದ್ದಾರೆ. ಹೆಗಲಿಗೆ ಯಾವಾಗಲೂ ಯಾವುದಾದರೊಂದು ವಿಚಾರಸಂಕಿರಣದ ಸೆಣಬಿನ ಚೀಲ. ಮನೆಯಲ್ಲಿ ಇಂಥ ಚೀಲಗಳು ಎಷ್ಟಿವೆಯೆಂದರೆ, ಅವರ ಮನೆಯವರು ಸಂತೆಗೂ ರೇಷನ್ನಿಗೂ ‘ರಾಷ್ಟ್ರೀಯ ಸಮ್ಮೇಳನ’ದಲ್ಲೇ ಹೋಗಿಬರುತ್ತಾರೆ. ಇದರಲ್ಲಿ ಸರ್ ಒಬ್ಬರದೇ ತಪ್ಪಿಲ್ಲ. 2010ರಲ್ಲಿ ಯುಜಿಸಿ ಬಡ್ತಿಗೆ ಅಂಕದ ಲೆಕ್ಕ ತಂದಾಗ ಗ್ರಂಥಪಾಲಕರನ್ನೂ ಸೇರಿಸಿತು. ಪ್ರಬಂಧ ಮಂಡಿಸಿದರೆ ಅಂಕ, ಅಚ್ಚಾದರೆ ಅಂಕ. ಹೊಸದನ್ನು ಹೇಳಿದರೆ ಹೆಚ್ಚು ಅಂಕ ಅಂತ ಎಲ್ಲೂ ಇರಲಿಲ್ಲ.

ಆ ಲೇಖನವೇ ಅವರ ಭಾಷಣವೂ ಹೌದು. ಅದರ ದಾರಿ ಮೆಟ್ರೊ ಹಳಿಯ ಹಾಗೆ, ಅತ್ತಿತ್ತ ಸರಿಯುವುದಿಲ್ಲ. ರಂಗನಾಥನ್ ಗಣಿತದ ಮೇಷ್ಟ್ರಾಗಿದ್ದರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. 1931ರಲ್ಲಿ ಅವರ ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳು ಪುಸ್ತಕವಾಗಿ ಬಂದವು. ಕೊನೆಗಾಲದಲ್ಲಿ ನಮ್ಮ ಬೆಂಗಳೂರಿಗೇ ಬಂದು ನೆಲೆಸಿ 1962ರಲ್ಲಿ ಡಿಆರ್‌ಟಿಸಿ ಎಂಬ ಸಂಶೋಧನೆ-ತರಬೇತಿ ಕೇಂದ್ರ ಕಟ್ಟಿದರು, 1972ರಲ್ಲಿ ಇಲ್ಲೇ ತೀರಿಕೊಂಡರು. ಅಲ್ಲಿಂದ 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆ, ಆಸ್ತಿ ತೆರಿಗೆಯ ಜೊತೆ ನಾವು ಕಟ್ಟುವ ಶೇ 6ರ ಗ್ರಂಥಾಲಯ ಕರ, ಚಪ್ಪಾಳೆ. ಓದುಗನ ಸಮಯ ಉಳಿಸಬೇಕೆಂಬ ನಾಲ್ಕನೆಯ ಸೂತ್ರವನ್ನು ಸರ್ ವಿವರಿಸುವಷ್ಟರಲ್ಲಿ ಊಟದ ಹಾಲಿನಲ್ಲಿ ಪಲಾವು ತಣ್ಣಗಾಗಿರುತ್ತದೆ.

ಒಮ್ಮೆ ಸಂಕಿರಣದಲ್ಲಿ ಅವರಿಗಿಂತ ಮೊದಲು ಮಾತಾಡಿದವರು ಇದೇ ಪ್ರಬಂಧವನ್ನು ಓದಿಬಿಟ್ಟರು. ಅದೇ ಕ್ರಮ, ಅದೇ ಅಲ್ಪವಿರಾಮ. ಹಾಲಿನಲ್ಲಿದ್ದ ವಿದ್ಯಾರ್ಥಿಗಳು ಈಗ ಜಗಳ ಅಂತ ಕುರ್ಚಿ ಮುಂದಕ್ಕೆಳೆದು ಕೂತರು. ಸರ್ ಎದ್ದು ಮೈಕು ಸರಿಮಾಡಿಕೊಂಡು, “ನನಗಿಂತ ಮೊದಲು ಮಾತಾಡಿದವರು ನನ್ನ ಕೆಲಸ ಹಗುರ ಮಾಡಿದ್ದಾರೆ” ಎಂದು ಶುರುಮಾಡಿ, ಅದನ್ನೇ ಪೂರ್ತಿ ಓದಿದರು. ಊಟದ ಸಾಲಿನಲ್ಲಿ ಇಬ್ಬರೂ ಕೈಕುಲುಕಿದರು. ಯಾರು ಯಾರದ್ದನ್ನು ನಕಲು ಮಾಡಿದ್ದೆಂದು ಕೇಳಿದರೆ ಸರ್ ಬೇಸರಪಟ್ಟುಕೊಳ್ಳುವುದಿಲ್ಲ. “ನಮ್ಮಲ್ಲಿ ಅದಕ್ಕೆ ಸಂಪನ್ಮೂಲ ಹಂಚಿಕೆ ಅಂತಾರೆ.”

ಇಷ್ಟಾಗಿ, ಇಡೀ ಕಾಲೇಜಿನಲ್ಲಿ ನಕಲು ಹಿಡಿಯುವ ಅಧಿಕಾರಿ ಇವರೇ. 2018ರ ಯುಜಿಸಿ ನಿಯಮದ ಪ್ರಕಾರ ಸಂಶೋಧನಾ ಪ್ರಬಂಧದಲ್ಲಿ ಸಾಮ್ಯ ಶೇ 10ರ ಒಳಗಿರಬೇಕು; ತಪಾಸಣೆಯ ತಂತ್ರಾಂಶ, ಅದರ ಪಾಸ್‌ವರ್ಡು ಎರಡೂ ಲೈಬ್ರರಿ ಸರ್ ಕೈಯಲ್ಲಿವೆ. ಹನ್ನೊಂದು ಬಂದ ಹುಡುಗಿಯನ್ನು “ಇನ್ನೊಂದು ಪರ್ಸೆಂಟ್ ಇಳಿಸ್ಕೊಂಡು ಬಾರಮ್ಮ” ಎಂದು ಮುಲಾಜಿಲ್ಲದೆ ವಾಪಸು ಕಳಿಸುತ್ತಾರೆ. ಒಂದು ದಿನ ಸಹಾಯಕ ಹುಡುಗ ತಮಾಷೆಗೆಂದು ಸರ್ ಅವರ ಆಗಸ್ಟ್ ಲೇಖನವನ್ನೇ ತಂತ್ರಾಂಶಕ್ಕೆ ಹಾಕಿದ. ತೊಂಬತ್ತಾರು ಬಂತು. ಉಳಿದ ನಾಲ್ಕು ಅವರ ಹೆಸರು, ಹುದ್ದೆ ಮತ್ತು ಮೊಬೈಲ್ ನಂಬರು. ಸರ್ ಕನ್ನಡಕ ಏರಿಸಿ ಪರದೆ ನೋಡಿ, “ನಿಯಮ ಸರಿಯಾಗಿ ಓದಯ್ಯ. ಗ್ರಂಥಸೂಚಿ ಬಿಡಬೇಕು, ಮುನ್ನುಡಿ ಬಿಡಬೇಕು, ಕೃತಜ್ಞತೆ ಬಿಡಬೇಕು. ಲಾ, ಫಾರ್ಮುಲಾ ಎಲ್ಲ ಬಿಡಬೇಕು. ಪಂಚಸೂತ್ರ ಲಾ ಅಲ್ವೇನು? ಕಳೆದರೆ ಇಲ್ಲೇನು ಉಳಿಯುತ್ತೆ?” ಎಂದರು. ಏನೂ ಉಳಿಯುವುದಿಲ್ಲ ಎಂದು ಹುಡುಗನೂ ಒಪ್ಪಿಕೊಂಡ.

ಇವರನ್ನು ಕಳ್ಳರೆನ್ನಲು ನನಗೆ ಬಾಯಿ ಬರುವುದಿಲ್ಲ. ಅವರ ಕಸುಬಿನಲ್ಲಿ ನಕಲು ಪುಣ್ಯದ ಕೆಲಸ. ಒಂದು ಪುಸ್ತಕಕ್ಕೆ ಒಬ್ಬರು ಸರಿಯಾಗಿ ಕಾರ್ಡು ಬರೆದರೆ ಮಿಕ್ಕವರು ಅದನ್ನೇ ಇಳಿಸಿಕೊಳ್ಳಬೇಕು, ಹೊಸದಾಗಿ ಬರೆಯುವವನೇ ದಡ್ಡ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1901ರಲ್ಲೇ ಕಾರ್ಡುಗಳನ್ನು ಅಚ್ಚು ಹಾಕಿ ಬೇರೆ ಗ್ರಂಥಾಲಯಗಳಿಗೆ ಮಾರಲು ಶುರುಮಾಡಿತ್ತು. ಜೀವಮಾನವಿಡೀ ಈ ನೀತಿಯಲ್ಲಿ ಬದುಕಿದವರಿಗೆ ಕಾರ್ಡಿಗೊಂದು ನ್ಯಾಯ, ಲೇಖನಕ್ಕೊಂದು ನ್ಯಾಯ ಎಂದರೆ ಹೇಗೆ ಅರ್ಥವಾಗಬೇಕು?

ರಂಗನಾಥನ್ನರ ವಿಷಯಕ್ಕೇ ಬಂದರೆ, ಮೊದಲ ಸೂತ್ರದ ಮಾತು ಬಂದದ್ದು ಅವರ ಗಣಿತದ ಗುರು ಎಡ್ವರ್ಡ್ ರಾಸ್ ಬಾಯಿಂದ, 1928ರಲ್ಲಿ. ಶಿಷ್ಯ ಅದನ್ನು ಮುಚ್ಚಿಡದೆ ಬರೆದಿಟ್ಟ. ವರ್ಗೀಕರಣದ ಹೊಳಹು ಸಿಕ್ಕಿದ್ದೂ ಲಂಡನ್ನಿನ ಸೆಲ್ಫ್‌ರಿಜಸ್ ಅಂಗಡಿಯಲ್ಲಿ ಕಂಡ ಮೆಕ್ಯಾನೊ ಆಟಿಕೆಯಿಂದ: ಅವೇ ತುಂಡುಗಳು, ಬೇರೆ ಬೇರೆ ಜೋಡಣೆ. ಈ ಕಥೆ ಸರ್ ಭಾಷಣದಲ್ಲಿ ತಪ್ಪದೆ ಬರುತ್ತದೆ. ಅವರ ಲೇಖನದಲ್ಲೂ ಅವೇ ತುಂಡುಗಳೇ. ಬಿಚ್ಚಿ ಜೋಡಿಸುವ ಗೋಜಿಗೆ ಮಾತ್ರ ಅವರು ಹೋಗಿಲ್ಲ.

ಆದರೆ ಭಾನುವಾರ ಹಲಸೂರಿನ ಕಡೆಯ ವಾಚನಾಲಯದಲ್ಲಿ ಅವರ ಪಕ್ಕ ಕೂತು ನೋಡಬೇಕು. ಸರ್ ಪತ್ರಿಕೆ ಓದುವುದಿಲ್ಲ, ಓದುವವರನ್ನು ಓದುತ್ತಾರೆ. “ಆ ತಮಿಳು ಪೇಪರ್ ಅಯ್ಯ ಇದಾರಲ್ಲ, ಮೊದಲು ನಿಧನವಾರ್ತೆ ನೋಡ್ತಾರೆ, ಗೊತ್ತಿರೋರು ಯಾರೂ ಇಲ್ಲ ಅಂದ್ರೆ ಆಮೇಲೆ ಸಿನಿಮಾ. ಆ ಆಟೋ ಸಾಹೇಬರು ಉರ್ದು ಪೇಪರ್ ಸಾಲಾರ್ ಓದೋಕ್ಕೆ ಮುಂಚೆ ಕನ್ನಡ ಪೇಪರ್ ಕೈಗೆತ್ತಿಕೊಳ್ತಾರೆ, ಎರಡರಲ್ಲೂ ಸುದ್ದಿ ಒಂದೇನಾ ಅಂತ ತಾಳೆ ನೋಡೋಕೆ. ಕೆಲಸ ಖಾಲಿ ಇದೆ ಅನ್ನೋ ಜಾಹೀರಾತು ಬ್ಲೇಡಿನಲ್ಲಿ ಕುಯ್ಯೋರು ಹುಡುಗರಲ್ಲ, ಅವರ ಅಪ್ಪಂದಿರು. ಹುಡುಗರು ಫೋಟೊ ಹೊಡ್ಕೊಂಡು ಹೋಗ್ತಾರೆ. ಪದಬಂಧ ಪೆನ್ನಲ್ಲಿ ತುಂಬೋರು ಒಬ್ಬರೇ, ಹಿಂದಿನ ಬೀದಿ ರಿಟೈರ್ಡ್ ಮೇಷ್ಟ್ರು. ‘ಳ’ ನೋಡಿದ್ರೆ ಗೊತ್ತಾಗುತ್ತೆ. ತುಂಬದೇ ಇರೋ ದಿನ ನಾನು ಮನೆ ಹತ್ರ ಹೋಗಿ ವಿಚಾರಿಸ್ಕೊಂಡು ಬರ್ತೀನಿ.”

ಇಷ್ಟು ವರ್ಷದ ಯುಗಗಳಲ್ಲಿ ಇದರ ಒಂದಕ್ಷರವೂ ಇಲ್ಲ. ನನಗೆ ತಡೆಯಲಾಗಲಿಲ್ಲ. “ಸರ್, ಈ ಆಗಸ್ಟಿಗೆ ಇದನ್ನೇ ಬರೀರಿ. ಇದು ಬೇರೆ ಯಾರ ಹತ್ತಿರವೂ ಇಲ್ಲ.”

ಸರ್ ಗಾಬರಿಯಾದರು. “ಅದೇ ತೊಂದರೆ. ಯಾರ ಹತ್ರಾನೂ ಇಲ್ಲ ಅಂದ್ರೆ ರೆಫರೆನ್ಸ್ ಎಲ್ಲಿಂದ ತರೋಣ?” ಒಂದು ಕ್ಷಣ ಯೋಚಿಸಿ, ಚೀಲ ಹೆಗಲಿಗೇರಿಸಿ, ಪರಿಹಾರವನ್ನೂ ಅವರೇ ಹೇಳಿದರು: “ಒಂದು ಕೆಲಸ ಮಾಡಿ. ಮೊದಲು ನೀವು ಎಲ್ಲಾದ್ರೂ ಬರೆದುಬಿಡಿ. ಆಮೇಲೆ ನಿಮ್ಮ ಹೆಸರು ಹಾಕಿ ನಾನು ಬರೀತೀನಿ.”