ಜಾಂಗೋನೋ, ಲಾರಾವೆಲ್ಲೋ?

"ತಮ್ಮಾ, ನಮ್ಮ ಹುಡುಗ ದಿನಕ್ಕೊಂದ್ ಹೆಸರು ಹೇಳ್ತಾನ. ನಿನ್ನಿ ಜಾಂಗೋ ಅಂದ, ಇವತ್ತ ಲಾರಾವೆಲ್ ಅಂತಾನ. ಯಾವುದ ಚಲೋ, ನೀನರ ಹೇಳು" ಎಂದರು ಪಕ್ಕದ ಮನೆಯ ಅಕ್ಕ, ಕಾಂಪೌಂಡಿನ ಆಚೆಯಿಂದ. ಗೋವಾದ ವಾಸ್ಕೋದಲ್ಲಿರುವ ನಮ್ಮ ಓಣಿಯಲ್ಲಿ ವಿಜಯಪುರ, ಬಾಗಲಕೋಟೆ, ಗದಗ ಕಡೆಯಿಂದ ಬಂದವರೇ ಹೆಚ್ಚು. ಅವರಿಗೆಲ್ಲ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಹಿಂಡಿ ಮಾಡಿಕೊಡುವವರು ಈ ಅಕ್ಕ. ಆರ್ಡರು ವಾಟ್ಸಾಪಿನಲ್ಲಿ, ಬಾಕಿಯ ಲೆಕ್ಕ ನೋಟ್‌ಬುಕ್ಕಿನಲ್ಲಿ. ಎಂಜಿನಿಯರಿಂಗ್ ಓದುತ್ತಿರುವ ಮಗ ಇದಕ್ಕೆಲ್ಲ ಒಂದು ವೆಬ್ ಆ್ಯಪ್ ಮಾಡಲು ಹೊರಟಿದ್ದಾನೆ.

"ಯಾರ ಕೆಲಸಕ್ಕ ಚಲೋ ಅಂತ ಕೇಳ್ರಿ ಅಕ್ಕಾ" ಅಂದೆ. ಜಾಂಗೋ, ಲಾರಾವೆಲ್ ಎರಡೂ ಫ್ರೇಮ್‌ವರ್ಕುಗಳು, ಅಂದರೆ ವೆಬ್ ಆ್ಯಪ್ ಕಟ್ಟಲು ಸಿಗುವ ಸಿದ್ಧ ಚೌಕಟ್ಟುಗಳು. ಪ್ರತಿ ಫ್ರೇಮ್‌ವರ್ಕೂ ತಾನು ಹುಟ್ಟಿದ ಮನೆಯ ಗುಣ ಹೊತ್ತುಕೊಂಡೇ ಬರುತ್ತದೆ. ಪೈಥಾನ್ ಭಾಷೆಯ ಜಾಂಗೋ ಹುಟ್ಟಿದ್ದು ಅಮೆರಿಕದ ಕಾನ್ಸಾಸ್ ರಾಜ್ಯದ ಲಾರೆನ್ಸ್ ಊರಿನ ಪತ್ರಿಕಾ ಕಚೇರಿಯಲ್ಲಿ. ಹೊರಗೆ ಬಂದದ್ದು 2005ರಲ್ಲಿ. ಪ್ರೋಗ್ರಾಮಿಂಗ್ ಬಾರದ ಪತ್ರಕರ್ತರೂ ಸುದ್ದಿ ತುಂಬಬೇಕಿತ್ತು. ಹಾಗಾಗಿ ಮಾಹಿತಿ ಸೇರಿಸುವ, ತಿದ್ದುವ ಅಡ್ಮಿನ್ ಪುಟ ಅದರಲ್ಲಿ ಸಿದ್ಧವಾಗಿಯೇ ಸಿಗುತ್ತದೆ. ಅಕ್ಕನ ನೋಟ್‌ಬುಕ್ಕಿನ ಜಾಗಕ್ಕೆ ಬೇಕಾದದ್ದು ಅದೇ. ಬೇಸ್‌ಕ್ಯಾಂಪ್ ಎಂಬ ಆ್ಯಪ್‌ನ ಒಳಗಿನಿಂದ ರೈಲ್ಸ್ ಎಂಬ ಇನ್ನೊಂದು ಫ್ರೇಮ್‌ವರ್ಕನ್ನು ಬಿಡಿಸಿ 2004ರಲ್ಲಿ ಹಂಚಿದರು. ಲಾರಾವೆಲ್ 2011ರದು, ಪಿಎಚ್‌ಪಿ ಭಾಷೆಯದು. ನೋಡ್ ಅನ್ನು ಇವುಗಳ ಸಾಲಿಗೆ ಸೇರಿಸುವುದೇ ತಪ್ಪು. ಅದು ಬ್ರೌಸರಿನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ವ್ಯವಸ್ಥೆ. ಅದರ ಮೇಲೆ ಎಕ್ಸ್‌ಪ್ರೆಸ್ ಎಂಬ ಫ್ರೇಮ್‌ವರ್ಕ್ ಹಾಕಿಕೊಂಡರೂ ಲಾಗಿನ್, ಫಾರ್ಮಿನ ಭದ್ರತೆಯನ್ನೆಲ್ಲ ಒಂದೊಂದಾಗಿ ನಾವೇ ಜೋಡಿಸಬೇಕು. ಉಳಿದ ಮೂರರಲ್ಲಿ ನಕಲಿ ಫಾರ್ಮು ತಡೆಯುವ ಏರ್ಪಾಡು ಮೊದಲಿಂದಲೇ ಇದೆ.

ಹುಡುಗ ಫ್ರೇಮ್‌ವರ್ಕುಗಳ ವೇಗದ ಪಟ್ಟಿ ತೋರಿಸಿದ. ಟೆಕ್‌ಎಂಪವರ್‌ನವರು 2013ರಲ್ಲಿ ಶುರುಮಾಡಿದ ಆ ಪಟ್ಟಿ ಹೇಳುವುದು, ಸೆಕೆಂಡಿಗೆ ಎಷ್ಟು ಕೋರಿಕೆಗೆ ಉತ್ತರ ಬರುತ್ತದೆ ಎಂಬುದನ್ನು. ಒಂದು ಓಣಿಯ ರೊಟ್ಟಿ ವ್ಯಾಪಾರಕ್ಕೆ ಅಲ್ಲಿಯ ಅತಿ ನಿಧಾನದ ಫ್ರೇಮ್‌ವರ್ಕೂ ಸಾಕು.

ಅಕ್ಕ ಸುಮ್ಮನೆ ಕೇಳುತ್ತಿದ್ದವರು, "ಹಿಟ್ಟು ಕೊಳ್ಳುವಾಗ ಅಂಗಡಿಯವ ಹೊಗಳಿದ್ದು ಕೇಳತೀವೇನು? ಒಂದ್ ಹಿಡಿ ನಾದಿ, ಜಿಗಿ ಐತೋ ಇಲ್ಲೋ ನೋಡತೀವಿ" ಅಂದರು. ಅದೇ ಸರಿ. ನಮ್ಮ ಅತಿ ಕಷ್ಟದ ಒಂದು ಕೆಲಸವನ್ನು ಜಾಂಗೋ, ಲಾರಾವೆಲ್ ಎರಡರಲ್ಲೂ ಮೊದಲಿಂದ ಕೊನೆಯವರೆಗೆ ಮಾಡಿ ನೋಡಬೇಕು. ಒಂದೇ ಒಂದು ಆರ್ಡರು, ಕನ್ನಡದಲ್ಲಿ, ಹೆಸರು ತುಂಬುವುದರಿಂದ ಬಿಲ್ಲು ಕೈಗೆ ಬರುವವರೆಗೆ.

ಕನ್ನಡ ಎಂದೊಡನೆ ತೊಡಕುಗಳು ಹೊರಬೀಳುತ್ತವೆ. 'ಕನ್ನಡ' ನಮ್ಮ ಕಣ್ಣಿಗೆ ಮೂರಕ್ಷರ. ಪೈಥಾನ್ 3 ಅದರ ಸಂಕೇತಗಳನ್ನು ಬಿಡಿಯಾಗಿ ಎಣಿಸಿ 5 ಅನ್ನುತ್ತದೆ, ಪಿಎಚ್‌ಪಿಯ ಹಳೆಯ ಅಳತೆ 15 ಅನ್ನುತ್ತದೆ, ಏಕೆಂದರೆ ಅದು ಬೈಟು ಎಣಿಸುತ್ತದೆ. ಪಾಕೀಟಿನ ಚೀಟಿಗೆ ಹೆಸರು ಹಿಡಿಸಲೆಂದು ಬೈಟಿನ ಲೆಕ್ಕದಲ್ಲಿ ಕತ್ತರಿಸಿದರೆ ಅಕ್ಷರವೇ ಒಡೆದುಹೋಗುತ್ತದೆ. ಮೈಎಸ್‌ಕ್ಯುಎಲ್ ಡೇಟಾಬೇಸಿನ ಹಳೆಯ ಯುಟಿಎಫ್8 ಒಂದು ಸಂಕೇತಕ್ಕೆ ಮೂರೇ ಬೈಟು ಕೊಡುತ್ತದೆ. ಕನ್ನಡ ಹಿಡಿಸುತ್ತದೆ, ಗಿರಾಕಿ ಕೊನೆಗೆ ಹಾಕುವ ಇಮೋಜಿ ಹಿಡಿಸುವುದಿಲ್ಲ. ಪಿಡಿಎಫ್ ಬಿಲ್ಲಂತೂ ಬೇರೆಯದೇ ಕಥೆ. ಎಷ್ಟೋ ಲೈಬ್ರರಿಗಳು ಒತ್ತಕ್ಷರವನ್ನು ಕೆಳಗೆ ಇಳಿಸದೆ ಪಕ್ಕಕ್ಕೇ ನಿಲ್ಲಿಸಿಬಿಡುತ್ತವೆ. 'ಚಟ್ನಿ' ಓದಲು ಬಾರದ ಬಿಲ್ಲನ್ನು ಗಿರಾಕಿಗೆ ಕೊಡುವುದು ಹೇಗೆ?

ಹಾಗಂತ ಪಿಎಚ್‌ಪಿಯನ್ನು ಹಳಿಯುವವರ ಜೊತೆ ನಾನಿಲ್ಲ. ಹಲವು ಲಿಪಿಗಳನ್ನು ಅದೂ ನಿಭಾಯಿಸುತ್ತದೆ. ಗೋವಾದಲ್ಲಿ ಗಿರಾಕಿ ತನ್ನ ಹೆಸರನ್ನು ದೇವನಾಗರಿಯಲ್ಲೂ ಬರೆದಾನು, ರೋಮನ್‌ನಲ್ಲೂ ಬರೆದಾನು. 2015ರಲ್ಲಿ ಶುರುವಾದ ಕೊಂಕಣಿ ವಿಕಿಪೀಡಿಯದಲ್ಲಿ ಈ ಎರಡರ ಜೊತೆಗೆ ಕನ್ನಡ ಲಿಪಿಯ ಬರಹಗಳೂ ಇವೆ. ಅದನ್ನು ಹೊತ್ತಿರುವ ಮೀಡಿಯಾವಿಕಿ ತಂತ್ರಾಂಶ ಪಿಎಚ್‌ಪಿಯಲ್ಲೇ ಬರೆದದ್ದು. ಲಾರಾವೆಲ್ ಕೂಡ ಬೈಟನ್ನಲ್ಲ, ಪೈಥಾನ್‌ನಂತೆ ಸಂಕೇತಗಳನ್ನೇ ಎಣಿಸುತ್ತದೆ.

ಇಲ್ಲಿಯ ಮಳೆಗಾಲವನ್ನೂ ಪರೀಕ್ಷೆಗೆ ಸೇರಿಸಲು ಹುಡುಗನಿಗೆ ಹೇಳಿದೆ. ಜುಲೈನಲ್ಲಿ ಕರೆಂಟು ಹೋಗಿ ಸಿಗ್ನಲ್ ಸೊರಗಿದಾಗ ಜನ ಗುಂಡಿಯನ್ನು ಮತ್ತೆ ಮತ್ತೆ ಒತ್ತುತ್ತಾರೆ. ಇಪ್ಪತ್ತು ರೊಟ್ಟಿಯ ಆರ್ಡರು ನಲವತ್ತಾಗಬಾರದು. ಮೊಬೈಲಿಗೆ ದೊಡ್ಡ ಜಾವಾಸ್ಕ್ರಿಪ್ಟ್ ಕಂತೆ ಇಳಿಸುವ ವಿನ್ಯಾಸ ಆಗ ಬಿಳಿ ಪರದೆ ತೋರಿಸುತ್ತ ನಿಲ್ಲುತ್ತದೆ. ಸರ್ವರಿನಲ್ಲೇ ತಯಾರಾಗಿ ಬರುವ ಸಣ್ಣ ಪುಟ ಬೇಗ ತೆರೆಯುತ್ತದೆ.

"ಎಲ್ಲಾ ಸರಿ. ಇಂವ ನೌಕರಿ ಅಂತ ಬೆಂಗಳೂರಿಗೆ ಹ್ವಾದ್ರ ಯಾರು ನೋಡ್ತಾರ ಇದನ್ನ?"

ಬಾಕಿ ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು. ಆಂಗ್ಯುಲರ್‌ಜೆಎಸ್ ಎಂಬ ಫ್ರೇಮ್‌ವರ್ಕ್ 2010ರಲ್ಲಿ ಬಂತು, ಎಲ್ಲೆಲ್ಲೂ ಹಬ್ಬಿತು. 2016ರಲ್ಲಿ ಬಂದ ಎರಡನೇ ಆವೃತ್ತಿ ಪೂರ್ತಿ ಬೇರೆಯೇ ಆಗಿತ್ತು. ಹಳೆಯದರ ಬೆಂಬಲ 2021ರ ಡಿಸೆಂಬರಿಗೆ ಮುಗಿಯಿತು. ಅದನ್ನು ನಂಬಿ ಕಟ್ಟಿದವರು ಮತ್ತೆ ಕಟ್ಟಬೇಕಾಯಿತು. ಜಾಂಗೋದ ದೀರ್ಘಾವಧಿ ಆವೃತ್ತಿಗಳಿಗೆ ಮೂರು ವರ್ಷ ಭದ್ರತೆಯ ತಿದ್ದುಪಡಿ ಸಿಗುತ್ತದೆ, ಲಾರಾವೆಲ್‌ನ ಆವೃತ್ತಿಗೆ ಎರಡು ವರ್ಷ. ಆದರೆ ಪಿಎಚ್‌ಪಿ ಅಗ್ಗದ ಹೋಸ್ಟಿಂಗಿನಲ್ಲೂ ನಡೆಯುತ್ತದೆ, ರಿಪೇರಿಗೆ ಜನವೂ ಸುಲಭವಾಗಿ ಸಿಗುತ್ತಾರೆ. ನನ್ನ ಮನಸ್ಸು ಜಾಂಗೋದ ಕಡೆಗಿದೆ, ಆ ಅಡ್ಮಿನ್ ಪುಟಕ್ಕಾಗಿ. ವಾಸ್ಕೋ, ಮಡಗಾಂವ್ ಕಡೆ ಪೈಥಾನ್ ಬಲ್ಲ ಒಬ್ಬರು ಆಗಾಗ ಬಂದು ನೋಡಲು ಒಪ್ಪದಿದ್ದರೆ ಲಾರಾವೆಲ್ಲೇ ಇರಲಿ ಎಂದೆ. ಯಾವುದೇ ಆಗಲಿ, ಡೊಮೇನು, ಹೋಸ್ಟಿಂಗ್ ಖಾತೆ, ಪಾಸ್‌ವರ್ಡು ಮೂರೂ ಅಕ್ಕನ ಹೆಸರಲ್ಲೇ ಇರಬೇಕು. ಗಿರಾಕಿಗಳ ಪಟ್ಟಿಯ ನಕಲು ವಾರಕ್ಕೊಮ್ಮೆ ಅವರ ಪೆನ್‌ಡ್ರೈವಿಗೆ ಬರಬೇಕು. ಹುಡುಗ ಅದನ್ನೇ ಮೊದಲು ಮಾಡುತ್ತೇನೆಂದ.